ಮಾವನವರ ಹೆಸರು ಕೇಳಿದ ಕಂಪ್ಯೂಟರ್

ಭೂತ, ಪ್ರೇತ, ಸತ್ತವರ ನೆರಳು, ಕಂಪ್ಯೂಟರ್: ಇವು ಯಾವುದಕ್ಕೂ ನಾನು ಹೆದರಿದವಳಲ್ಲ! ದಕ್ಷಿಣ ಆಫ್ರಿಕದ ಉಮ್ತಾಟಾದ ವಿಶ್ವವಿದ್ಯಾಲಯದಲ್ಲಿ ಜೀವಮಾನವಿಡೀ ತರ್ಕಶಾಸ್ತ್ರ ಕಲಿಸಿದ್ದೇನೆ. ಏನು ನಡೆದರೂ ಅದಕ್ಕೊಂದು ಕಾರಣವಿದೆ, ಅದು ಕಾಣದಿದ್ದರೆ ತಪ್ಪು ನೋಡುವವನದು ಎಂದು ಹುಡುಗರ ತಲೆಗೆ ಮೊಳೆ ಹೊಡೆದ ಹಾಗೆ ಹೊಡೆದಿದ್ದೇನೆ. ಆದ್ದರಿಂದ ಆ ಬುಧವಾರ ಮಧ್ಯಾಹ್ನ ಮಾವನವರ ದುಂಡು ಗುಡಿಸಲಿನ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು ಗಂಡನಿಗೆ ಘೋಷಿಸಿದೆ:

"ಏಳಿ ಈಚೆ, ರಾಡೇಬೆ! ಸತ್ತವರು ಹಾಕಿದ ಬೀಗ ತೆಗೆಯೋಕೆ ಬದುಕಿರೋರಲ್ಲಿ ಒಬ್ಬರಿಗೆ ಬುದ್ಧಿ ಇದ್ರೆ ಸಾಕು."

ರಾಡೇಬೆ ಎಂಬುದು ಗಂಡನ ಕುಲದ ಹೆಸರು. ಹೆಂಡತಿಯಾದವಳು ಕರೆಯಬೇಕಾದದ್ದು ಹಾಗೆಯೇ. ಸ್ವಂತ ಹೆಸರು ಜ್ವೆಲಿಬಾನ್ಸಿ. ನಿವೃತ್ತ ಜಾನುವಾರು ಅಧಿಕಾರಿ. ನಮ್ಮೂರು ಕುಂಬುವಿನ ಗುಡ್ಡಗಳಲ್ಲಿ ಮೇಯುವ ಯಾವ ಹಸುವನ್ನು ತೋರಿಸಿದರೂ ಅದರ ಮುತ್ತಜ್ಜಿಯ ಮುತ್ತಜ್ಜಿ ಯಾರೆಂದು ಹೇಳಬಲ್ಲರು. ತಮ್ಮ ವಂಶ ಮಾತ್ರ ಅವರಿಗೆ ಅಜ್ಜನ ತನಕ ಗೊತ್ತು, ಅಲ್ಲಿಂದಾಚೆಗೆ ಮಂಜು.

ಸಂಕಟ ಇದ್ದದ್ದೇ ಅಲ್ಲಿ. ಮಾವನವರು ತೀರಿಕೊಂಡು ಎರಡು ವರ್ಷವಾಗಿತ್ತು. ಶನಿವಾರ ಅವರ ಆತ್ಮವನ್ನು ಮನೆಗೆ ಕರೆದು ತರುವ ಶಾಸ್ತ್ರದ ದಿನ. ದನದ ದೊಡ್ಡಿಯಲ್ಲಿ ಎತ್ತಿನ ಮುಂದೆ ನಿಂತು, ವಂಶದ ಹಿರಿಯರನ್ನೆಲ್ಲ ಹೆಸರು ಹಿಡಿದು ಕೂಗಿ, ನಿಮ್ಮ ಮಗನನ್ನು ಮನೆಗೆ ಕಳಿಸಿಕೊಡಿ ಎಂದು ಹಿರಿಮಗ ಕೇಳಬೇಕು. ನಡುವೆ ಒಂದು ಹೆಸರು ಬಿಟ್ಟುಹೋದರೂ ಸತ್ತವರು ಬೇಲಿಯ ಹೊರಗೇ ಉಳಿಯುತ್ತಾರೆ. ಕೂಗಲಾರದ ಮಗ ಮನೆಯ ಯಜಮಾನನೂ ಆಗುವುದಿಲ್ಲ. ದೊಡ್ಡಿಯೂ ಅದರ ಜೊತೆಗಿನ ಮಾತಿನ ತೂಕವೂ ಚಿಕ್ಕಪ್ಪನ ಮಗ ಥೋಬಿಲೆಗೆ ಹೋಗುತ್ತವೆ. ಥೋಬಿಲೆ ಆಗಲೇ ಹೊಸ ಟೋಪಿ ಕೊಂಡಿದ್ದ!

ಮಾವನವರು ಇದನ್ನು ಮೊದಲೇ ಊಹಿಸಿದ್ದರು. ಹೆಡ್‌ಮಾಸ್ಟರ್ ಆಗಿದ್ದವರು. ಶಾಲೆಯವರು ಎಸೆದ ಕಂಪ್ಯೂಟರೊಂದನ್ನು ಕುರಿ ಸಾಗಿಸುವ ಗಾಡಿಯಲ್ಲಿ ಹೇರಿಕೊಂಡು ಬಂದು, ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಸಿ, ಎಂಬತ್ತರ ಮೇಲೆ ಕಲಿತರು. ಆ ಲಿನಕ್ಸಿಗೆ ಉಬುಂಟು ಎಂದು ಹೆಸರು. ನಮ್ಮದೇ ಮಾತು, ಮನುಷ್ಯತ್ವ ಎಂದರ್ಥ. ಮನುಷ್ಯತ್ವ ಅವರಲ್ಲಿ ಧಾರಾಳವಾಗಿತ್ತು, ಮಗನ ಮೇಲೆ ನಂಬಿಕೆ ಮಾತ್ರ ಇರಲಿಲ್ಲ. "ವಂಶದ ಹೆಸರೆಲ್ಲ ನನ್ನ ಬಾಯಲ್ಲೇ ಹೇಳಿ ಇದರೊಳಗೆ ಇಟ್ಟಿದ್ದೀನಿ. ಕೇಳಿ ಕಲ್ಕೋ," ಎಂದು ಮಗನಿಗೆ ಹೇಳಿದ್ದರು. ಮಗ ಎರಡು ವರ್ಷ ನಿಶ್ಚಿಂತೆಯಿಂದ ಕಲಿಯದೇ ಇದ್ದು, ಆ ವಾರ ಕಂಪ್ಯೂಟರ್ ತೆರೆದು ನೋಡಿದರೆ, ಮಗನಿಗೆ ಕೊಟ್ಟಿದ್ದ ಹಕ್ಕು ಹಜಾರದಲ್ಲಿ ಕೂರುವಷ್ಟು ಮಾತ್ರ! ಹೆಸರುಗಳಿದ್ದ ಒಳಮನೆಯ ಬೀಗದ ಕೈ ಮಾವನವರದು. ಗುಪ್ತಪದ ಅವರ ಜೊತೆಯಲ್ಲೇ ಮಣ್ಣಿಗೆ ಹೋಗಿತ್ತು.

ನಾನು ಹೋಗಿ ನಿಂತಾಗ ಗಂಡ ಬಲವಂತದಿಂದ ಒಳಗೆ ನುಗ್ಗುವ ಒಂದು ಆಜ್ಞೆಯನ್ನು ಒಂದೇ ಬೆರಳಲ್ಲಿ ಕುಟ್ಟಿ ಮುಗಿಸಿದ್ದರು. ಪರದೆಯ ಮೇಲೆ ಮೂಡಿದ್ದನ್ನು ಗಟ್ಟಿಯಾಗಿ ಓದಿದರು: "ಈ ವ್ಯಕ್ತಿಗೆ ಅಧಿಕಾರವಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು."

"ಯಾರಿಗೆ ವರದಿ?" ಎಂದು ಒಲೆಯ ಪಕ್ಕದಿಂದ ಒಂದು ಸ್ವರ ಬಂತು. ಮಾವನವರ ಅಕ್ಕ, ನಮ್ಮ ಹಿರಿಯತ್ತೆ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಕಿವಿ ಮಾತ್ರ ಮೊಲದ ಕಿವಿ.

"ಯಜಮಾನನಿಗೆ, ಅತ್ತೆ."

"ಯಾವ ಯಜಮಾನ?"

"ಈ ಯಂತ್ರದ ಯಜಮಾನ. ಅಂದ್ರೆ... ಅಪ್ಪನಿಗೆ."

ಹಿರಿಯತ್ತೆ ಕಾಣದ ಕಣ್ಣನ್ನು ಬಾಗಿಲ ಕಡೆಗೆ ತಿರುಗಿಸಿದರು. ಹೊರಗೆ ಗುಡ್ಡದಿಂದ ಮಂಜು ಇಳಿದು ದೊಡ್ಡಿಯ ಬೇಲಿಯನ್ನು ಆಗಲೇ ನುಂಗಿತ್ತು.

"ಹಾಗಿದ್ರೆ ಅವನಿಗೆ ಗೊತ್ತಾಯ್ತು ಬಿಡು," ಎಂದರು.

ಗಂಡ ಕುರ್ಚಿಯಿಂದ ಎದ್ದ ವೇಗ ನೋಡಿದರೆ ಕುರ್ಚಿ ಸುಡುತ್ತಿತ್ತೇನೋ ಎನ್ನಬೇಕು! ನಾನು ಅಧಿಕಾರ ವಹಿಸಿಕೊಂಡೆ.

ಮೊದಲ ತೊಡಕು ಯಂತ್ರದ್ದಲ್ಲ, ಗುಡಿಸಲಿನದು. ಬಲಗಡೆ ಗಂಡಸರದು, ಎಡಗಡೆ ಹೆಂಗಸರದು; ಮಾವನ ಗುಡಿಸಲಿನಲ್ಲಿ ಸೊಸೆ ಬಲಗಡೆಗೆ ಕಾಲಿಡುವಂತಿಲ್ಲ. ಕಂಪ್ಯೂಟರ್ ಕೂತಿದ್ದದ್ದು ಬಲಗಡೆ.

"ದಾಟಿದ್ರೆ ಏನಾಗುತ್ತೆ? ಯಾರು ನೋಡ್ತಾರೆ?" ಎಂದೆ.

"ದಾಟು ಮಕೋಟಿ, ದಾಟು," ಎಂದರು ಹಿರಿಯತ್ತೆ. ಮಕೋಟಿ ಎಂದರೆ ಹೊಸ ಮದುವಣಗಿತ್ತಿ. ಎಪ್ಪತ್ತು ದಾಟಿದರೂ ನಾನು ಅವರಿಗೆ ಮಕೋಟಿಯೇ. "ನಾನಂತೂ ಕುರುಡಿ. ನೋಡೋರು ಬೇರೆಯವರಿದ್ದಾರೆ."

ನಾನು ದಾಟಲಿಲ್ಲ. ಹೆದರಿ ಅಲ್ಲ! ಮುದುಕಿಯ ಮನಸ್ಸು ನೋಯಿಸಬಾರದೆಂದು. ಗಂಡನ ಕೈಯಲ್ಲಿ ಪರದೆಯನ್ನು ಈಚೆಗೆ ತಿರುಗಿಸಿಕೊಂಡು, ಕೀಲಿಮಣೆಯನ್ನು ತಂತಿ ಬಿಗಿಯುವ ತನಕ ಎಳೆದು, ಒಲೆಯ ಈಚೆ ಚಾಪೆಯ ಮೇಲೆ ತೊಡೆಗಿಟ್ಟುಕೊಂಡೆ. ಎಳೆದ ರಭಸಕ್ಕೆ ಯಂತ್ರದ ಹಿಂದೆ ಏನೋ ಟಪ್ಪೆಂದು ಕಳಚಿತು. ಗಮನಿಸಲಿಲ್ಲ. ಮಹತ್ಕಾರ್ಯದಲ್ಲಿದ್ದವರು ಸಣ್ಣಪುಟ್ಟ ಸದ್ದಿಗೆ ತಿರುಗಿ ನೋಡುತ್ತಾರೆಯೇ?

ಫೋನಿನಲ್ಲಿ ಓದಿಕೊಂಡಿದ್ದ ವಿಧಾನ ಸರಳ. ಯಂತ್ರ ಎಚ್ಚರಗೊಳ್ಳುವ ಹೊತ್ತಿಗೆ ಶಿಫ್ಟ್ ಗುಂಡಿ ಒತ್ತಿಹಿಡಿದರೆ ಅದರ ಹಿತ್ತಲ ಬಾಗಿಲು ತೆರೆಯುತ್ತದೆ. ಅಲ್ಲಿಂದ ಒಳಗೆ ಹೋದವರು ರೂಟ್, ಅಂದರೆ ಎಲ್ಲರ ಮೇಲಿನ ಸರ್ವಾಧಿಕಾರಿ. ಒತ್ತಿದೆ, ಹಿಡಿದೆ. ಕಪ್ಪು ಪರದೆಯ ಮೇಲೆ ಬಿಳಿಯ ಗೆರೆಯೊಂದು ಮಿಟುಕುತ್ತ ನಿಂತಿತು, ಕತ್ತಲೆಯಲ್ಲಿ ಯಾರೋ ಒಂದೇ ಕಣ್ಣು ಬಿಟ್ಟ ಹಾಗೆ.

"ನೋಡಿದ್ರಾ! ಈಗ ಈ ಯಂತ್ರಕ್ಕೆ ನಾನೇ ಯಜಮಾನಿ."

"ಮುಂದೇನು, ಮಾಟೋಲೋ?" ಎಂದರು ಗಂಡ. ಅದು ನನ್ನ ತವರಿನ ಕುಲದ ಹೆಸರು.

ಮುಂದಿನದು ಹೀಗಿತ್ತು: ಗುಪ್ತಪದ ಬದಲಿಸುವ ಆಜ್ಞೆ ಬರೆಯಿರಿ, ಪಕ್ಕದಲ್ಲಿ ಯಾರ ಗುಪ್ತಪದವೋ ಅವರ ಹೆಸರು ಬರೆಯಿರಿ.

ಅವರ ಹೆಸರು!

ಸೊಸೆಯಾದವಳು ಮಾವನ ಹೆಸರು ಎತ್ತುವಂತಿಲ್ಲ. ಅದನ್ನು ಹೋಲುವ ಮಾತುಗಳನ್ನೂ ಆಡುವಂತಿಲ್ಲ. ದುರದೃಷ್ಟಕ್ಕೆ ಮಾವನವರ ಹೆಸರು ನಮ್ಮ ಭಾಷೆಯಲ್ಲಿ ಉಪಕಾರ ಸ್ಮರಿಸುವ ಮಾತಿಗೆ ತೀರ ಹತ್ತಿರದ್ದು. ಹೀಗಾಗಿ ಮದುವೆಯಾದ ಲಾಗಾಯ್ತು ನಾನು ಈ ಮನೆಯಲ್ಲಿ ಯಾರಿಗೂ ಥ್ಯಾಂಕ್ಸ್ ಹೇಳಿಲ್ಲ. ಊರಿನವರು ನನ್ನನ್ನು ಬಿಗುಮಾನದ ಹೆಂಗಸು ಎಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ಇಷ್ಟು ಹೇಳಿದ್ದೇ ಹೆಚ್ಚಾಯಿತು.

"ಕೊಡು, ಹೆಸರು ನಾನು ಒತ್ತುತ್ತೀನಿ," ಎಂದು ಗಂಡ ಕೈಚಾಚಿದರು. "ನಿನಗೆ ಆಗಲ್ಲ."

'ಆಗಲ್ಲ' ಎಂಬ ಆ ಒಂದು ಮಾತು ಸಾಕಾಯಿತು ನನಗೆ!

"ಏನು ಆಗಲ್ಲ? ನಾನು ಅವರ ಹೆಸರು ಹೇಳದೆ ಇರೋದು ಸೌಜನ್ಯಕ್ಕೆ, ಹೆದರಿಕೆಗಲ್ಲ. ಮತ್ತೆ ಇಲ್ಲಿ ಹೆಸರು ಬೇಕಾಗಿಯೂ ಇಲ್ಲ. ಇದು ಅವರದೇ ಯಂತ್ರ. ಯಾರ ಬೀಗ ಅಂತ ಅದಕ್ಕೆ ಗೊತ್ತಿಲ್ವಾ?"

ಹೆಸರಿನ ಜಾಗ ಖಾಲಿ ಬಿಟ್ಟು ಆಜ್ಞೆಯೊಂದನ್ನೇ ಕೊಟ್ಟೆ. ಯಂತ್ರ ಹೊಸ ಗುಪ್ತಪದ ಕೇಳಿತು, ಕೊಟ್ಟೆ. ಬದಲಾಯಿತು ಎಂದಿತು. ನಾನು ಗಂಡನ ಕಡೆ ನೋಡಿದ ನೋಟವನ್ನು ಆಗ ಚಿತ್ರ ತೆಗೆಯಬೇಕಿತ್ತು. ಹೆಸರು ಹೇಳದಿದ್ದರೆ ಬದಲಾಗುವುದು ಆಜ್ಞೆ ಕೊಟ್ಟವರ ಗುಪ್ತಪದ, ಅಂದರೆ ರೂಟಿನದು, ಮಾವನವರದು ಇದ್ದ ಹಾಗೇ ಇದೆ ಎಂಬ ಜ್ಞಾನ ಬಂದದ್ದು ಆಮೇಲೆ. ಬೀಗ ತೆಗೆಯಲು ಹೋಗಿ ಪಕ್ಕದ ಬಾಗಿಲಿಗೆ ಇನ್ನೊಂದು ಬೀಗ ಜಡಿದಿದ್ದೆ!

ಜ್ಞಾನಕ್ಕೆ ಮೊದಲು ಬಂದದ್ದು ಧ್ವನಿ.

ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆ. ಪರದೆ ಬೆಳಗಿತು. ಇದ್ದಕ್ಕಿದ್ದಂತೆ ಗುಡಿಸಲಿನ ಗೋಡೆಯೇ ಬಾಯಿ ಬಿಟ್ಟ ಹಾಗೆ:

"ಯಾರಲ್ಲಿ? ಹೆಸರು ಹೇಳು! ಕಾಲು ಒರೆಸ್ಕೊಂಡು ಒಳಗೆ ಬಾ!"

ಮಾವನವರು. ಅದೇ ಗಂಟಲು, ಅದೇ ಕೊನೆಗೊಂದು ಕೆಮ್ಮು.

ನಾನು ಕಾಲು ಒರೆಸಿಕೊಂಡೆ. ಚಾಪೆಯ ಮೇಲೆ ಕೂತವಳು, ಕೂತಲ್ಲೇ! ಕೈ ತಾನಾಗಿ ಹೋಗಿ ತಲೆಯ ಬಟ್ಟೆಯನ್ನು ಹುಬ್ಬಿನ ತನಕ ಎಳೆದಿತ್ತು.

ಕಾರಣ ಇತ್ತು, ಇಲ್ಲವೆಂದಲ್ಲ. ಯಂತ್ರ ಎಚ್ಚರಗೊಂಡಾಗ ಡೋಲಿನ ಸದ್ದು ಬರುವುದು ವಾಡಿಕೆ. ಮಾವನವರು ಅದನ್ನು ತೆಗೆದು ತಮ್ಮ ಧ್ವನಿ ಕೂರಿಸಿದ್ದರು. ಅವರಿದ್ದಾಗ ಕಿವಿಗೆ ಸಿಕ್ಕಿಸಿಕೊಂಡು ಒಬ್ಬರೇ ಕೇಳುತ್ತಿದ್ದರು. ನಾನು ಎಳೆದಾಗ ಟಪ್ಪೆಂದು ಕಳಚಿದ್ದು ಆ ಕಿವಿತಂತಿ. ಈಗ ಶಾಲೆಯಿಂದ ಕಂಪ್ಯೂಟರಿನ ಜೊತೆಗೇ ಬಂದಿದ್ದ ದೊಡ್ಡ ಸ್ಪೀಕರಿಗೆ ಬಾಯಿ ಬಂದಿತ್ತು. ಇದೆಲ್ಲ ನಾನು ಎರಡೇ ನಿಮಿಷದಲ್ಲಿ ತರ್ಕಿಸಿದೆ. ಆದರೆ ಎರಡು ನಿಮಿಷ ತಡವಾಗಿತ್ತು.

ಮೊದಲು ನಾಯಿ ಬಂತು. ಮಾವನವರು ಹೋದ ಮೇಲೆ ಆ ಗುಡಿಸಲಿನತ್ತ ಸುಳಿಯದಿದ್ದ ನಾಯಿ, ಹೊಸಿಲಿನಲ್ಲಿ ಮಲಗಿ ಖಾಲಿ ಕುರ್ಚಿಯನ್ನು ನೋಡುತ್ತ ಬಾಲ ಬಡಿಯತೊಡಗಿತು. ಆಮೇಲೆ ಮಂಜಿನೊಳಗಿಂದ, ದೊಡ್ಡಿಯಲ್ಲಿ ಶನಿವಾರಕ್ಕೆಂದು ಕಟ್ಟಿದ್ದ ಎತ್ತು ಕೂಗಿತು. ಒಂದೇ ಕೂಗು, ಉದ್ದನೆಯದು.

ಎತ್ತು ಕೂಗುವುದೆಂದರೆ ಹಿರಿಯರು ಒಪ್ಪಿದರು ಎಂದು. ಅದು ಶನಿವಾರ ಕೂಗಬೇಕಿದ್ದ ಕೂಗು.

"ಬಂದ," ಎಂದರು ಹಿರಿಯತ್ತೆ, ಪಕ್ಕದ ಮನೆಯವರು ಬಂದರು ಎನ್ನುವಷ್ಟೇ ಸಹಜವಾಗಿ. "ಶನಿವಾರಕ್ಕೆ ಇಟ್ಟ ಬಿಯರ್ ಇನ್ನೂ ಹುಳಿ ಬಂದಿಲ್ಲ. ನಾಚಿಕೆಗೇಡು."

ಮಂಜಿನಲ್ಲಿ ಧ್ವನಿ ಎಷ್ಟು ದೂರ ಹೋಗುತ್ತದೋ! ಸ್ವಲ್ಪ ಹೊತ್ತಿಗೆಲ್ಲ ಕಂಬಳಿ ಹೊದ್ದ ಮುದುಕರು ಒಬ್ಬೊಬ್ಬರಾಗಿ ಬಿಳುಪಿನೊಳಗಿಂದ ಮೂಡಿದರು: ಮೊದಲು ಕೋಲಿನ ತುದಿ, ಆಮೇಲೆ ಕೈ, ಆಮೇಲೆ ಮುಖ. ಮುಂದೆ ಮಾಲುಸಿ, ಕುಲದ ಹಿರಿಯ. ಹಿಂದೆ ಥೋಬಿಲೆ, ಟೋಪಿ ಸಮೇತ.

"ಜ್ವೆಲಿಬಾನ್ಸಿ," ಎಂದರು ಮಾಲುಸಿ, "ನಿಮ್ಮಪ್ಪ ಬಂದು ಬೇಲಿ ಹತ್ರ ನಿಂತು ಯಾರಲ್ಲಿ ಅಂತ ಕೇಳ್ತಿದ್ದಾನೆ. ಎತ್ತೂ ಕೂಗಿದೆ. ನೀನು ಹೆಂಗಸರ ಜೊತೆ ಒಲೆ ಕಾಯಿಸ್ತಾ ಕೂತಿದ್ದೀಯಾ?"

"ಶನಿವಾರ ಅಂತ..."

"ಬಂದವನನ್ನ ಶನಿವಾರದ ತನಕ ಮಂಜಲ್ಲಿ ನಿಲ್ಲಿಸ್ತೀಯೇನು? ನಡಿ, ಈಗಲೇ ಕರೀಬೇಕು."

"ಆಗದೆ ಇದ್ರೆ ಹೇಳು, ಅಣ್ಣ," ಎಂದ ಥೋಬಿಲೆ ಜೇನಿನಂಥ ದನಿಯಲ್ಲಿ. "ನಾನಿದ್ದೀನಲ್ಲ."

ಗಂಡನನ್ನು ಎರಡೂ ಕಡೆ ತೋಳು ಹಿಡಿದು ದೊಡ್ಡಿಗೆ ನಡೆಸಿದರು. ಮಂಜು ಮುಚ್ಚುವ ಮೊದಲು ಗಂಡ ಒಮ್ಮೆ ತಿರುಗಿ ನೋಡಿದರು. "ಮಾಟೋಲೋ, ಹೆಸರುಗಳು!" ಎಂದು ತುಟಿ ಮಾತ್ರ ಅಲುಗಿತು. ಜೀವಮಾನವಿಡೀ ಜಗಳವಾಡಿದ ಗಂಡನ ಮುಖದಲ್ಲಿ ಅಂಥ ದೈನ್ಯ ಕಂಡಿರಲಿಲ್ಲ.

ಉಳಿದವರು ನಾನು, ಹಿರಿಯತ್ತೆ, ನಾಯಿ. ಹಿರಿಯತ್ತೆಗೆ ಅಕ್ಷರ ಕಾಣಿಸುವುದಿಲ್ಲ. ನಾಯಿಗೆ ಬಿಡಿ.

ಮತ್ತೆ ಶಿಫ್ಟ್, ಮತ್ತೆ ಹಿತ್ತಲ ಬಾಗಿಲು. ಈಗ ಅಲ್ಲಿ ನಾನೇ ಜಡಿದ ಬೀಗ, ತೆಗೆದೆ. ಹೆಸರಿನ ಜಾಗದಲ್ಲಿ 'ಹೆಡ್‌ಮಾಸ್ಟರ್' ಎಂದು ಬರೆದೆ. ಗೌರವವೂ ಉಳಿಯಿತು, ಕೆಲಸವೂ ಆಗುತ್ತದೆ!

'ಅಂಥ ವ್ಯಕ್ತಿ ಇಲ್ಲ' ಎಂದಿತು ಯಂತ್ರ.

"ಏನಂತೆ?" ಹಿರಿಯತ್ತೆ ಕೇಳಿದರು.

"ಅಂಥ ವ್ಯಕ್ತಿ ಇಲ್ಲವಂತೆ."

"ಸುಳ್ಳೇನಲ್ಲ, ಪಾಪ. ಇನ್ನೇನು ಬರ್ತಾನೆ ಅಂತ ಹೇಳು."

ದೊಡ್ಡಿಯಿಂದ ಮಾಲುಸಿಯ ದನಿ ತೇಲಿಬಂತು: "ಕರೀ, ಜ್ವೆಲಿಬಾನ್ಸಿ." ಗಂಡ ಶುರುಮಾಡಿದರು. ತಂದೆಯ ಹೆಸರು, ಗಟ್ಟಿಯಾಗಿ. ಅಜ್ಜನ ಹೆಸರು. ಆಮೇಲೆ ಕೆಮ್ಮಿದರು. ಅಜ್ಜನ ಹೆಸರನ್ನೇ ಇನ್ನೊಮ್ಮೆ ಹೇಳಿದರು. ಆಮೇಲೆ ಮೌನ. ಮಂಜಿನಲ್ಲಿ ಮೌನಕ್ಕೂ ಒಂದು ಮೈ ಇರುತ್ತದೆ. ಅದು ಬಂದು ಬಾಗಿಲಲ್ಲಿ ನಿಂತಿತು. ನಾಯಿ ಬಾಲ ನಿಲ್ಲಿಸಿತು.

ಇನ್ನು ತರ್ಕಕ್ಕೆ ಹೊತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೆ. ತೆರೆದೆ, ಏಕೆಂದರೆ ಗುಂಡಿ ಕಾಣಬೇಕಲ್ಲ! ಮಾವನವರ ಹೆಸರನ್ನು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದ ತನಕ, ಒತ್ತಿದೆ. ಒಲೆಯ ಕೆಂಡ ಚಟ್ ಎಂದಿತು. ಹೊಸ ಗುಪ್ತಪದ ಕೊಟ್ಟೆ, ಬದಲಾಯಿತು. ಯಂತ್ರವನ್ನು ಮತ್ತೆ ಹಚ್ಚಿದೆ.

"ಯಾರಲ್ಲಿ? ಹೆಸರು ಹೇಳು!"

"ನಾನು, ಮಾವ, ನಿಮ್ಮ ಸೊಸೆ," ಎಂದೆ. ಹೌದು, ಬಾಯಿಬಿಟ್ಟೇ ಎಂದೆ! ತರ್ಕಶಾಸ್ತ್ರದ ಪ್ರಾಧ್ಯಾಪಕಿ ಕಬ್ಬಿಣದ ಪೆಟ್ಟಿಗೆಗೆ ಉತ್ತರ ಕೊಟ್ಟಳು.

"...ಒಳಗೆ ಬಾ!"

ಒಳಗೆ ಹೋದೆ. ಧ್ವನಿಮುದ್ರಣ ಎದುರಿಗೇ ಇತ್ತು. ಒತ್ತಿದೆ. ಗುಡಿಸಲು ತುಂಬಿ, ಬಾಗಿಲು ದಾಟಿ, ಮಂಜಿನೊಳಗೆ ಮಾವನವರ ದನಿ ನಡೆದುಹೋಯಿತು. ಒಂದೊಂದೇ ಹೆಸರು. ಅವುಗಳಲ್ಲಿ ಒಂದನ್ನೂ ಇಲ್ಲಿ ಬರೆಯುವಂತಿಲ್ಲ. ಅವರೆಲ್ಲರೂ ನನಗೆ ಮಾವಂದಿರೇ. ಒಂದು ಹೆಸರು ಗುಡಿಸಲಿನಿಂದ ಹೊರಟರೆ ದೊಡ್ಡಿಯಿಂದ ಗಂಡನ ದನಿ ಅದನ್ನೇ ಕೂಗುತ್ತಿತ್ತು. ಎರಡು ಕಡೆ ಗಂಡ ತಡವರಿಸಿದರು. ಎರಡು ಕಡೆಯೂ ಗುಡಿಸಲಿನ ದನಿ ನಿಂತು, ಅವರು ಮುಗಿಸುವ ತನಕ ಕಾದು, ಮುಂದಿನ ಹೆಸರಿಗೆ ಹೋಯಿತು. ಕೊನೆಯ ಹೆಸರು ಮುಗಿದಾಗ ಎತ್ತು ಇನ್ನೊಮ್ಮೆ ಕೂಗಿತು. ಮುದುಕರೆಲ್ಲ ಒಟ್ಟಿಗೆ ಉಸಿರುಬಿಟ್ಟದ್ದು ಇಲ್ಲಿಗೆ ಕೇಳಿಸಿತು.

ಧ್ವನಿಮುದ್ರಣ ಇನ್ನೂ ಓಡುತ್ತಿತ್ತು. ಮಾವನವರು ಕೆಮ್ಮಿದರು. "ಸರಿ, ಆಯ್ತು. ಮಾಟೋಲೋ! ಟೀ ತಗೊಂಡ್ಬಾ."

"ತರ್ತೀನಿ, ಮಾವ," ಎಂದು ಎದ್ದೆ. ಅಡುಗೆಮನೆಯಲ್ಲಿ ಕೆಟಲಿಗೆ ನೀರು ತುಂಬಿ, ಎರಡು ಚಮಚ ಸಕ್ಕರೆ ಬಟ್ಟಲಿಗೆ ಹಾಕಿದ ಮೇಲೆ ನಾನೇನು ಮಾಡುತ್ತಿದ್ದೇನೆಂದು ನನಗೆ ಹೊಳೆಯಿತು. ಆದರೂ ಟೀ ಮಾಡಿದೆ. ನೀರು ಕುದಿದಾಗಿತ್ತಲ್ಲ, ವ್ಯರ್ಥ ಮಾಡಬಾರದು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಗೆದ್ದ ಹಾಗೆ. ಗಂಡ ಯಜಮಾನರಾದರು, ಥೋಬಿಲೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಮುದುಕರು ದೊಡ್ಡಿಯ ಬಾಯಲ್ಲಿ ಕೂತು ಹುಳಿ ಬಾರದ ಬಿಯರನ್ನೇ ಕುಡಿಯುತ್ತ, "ಅವನೇ ಬಂದು ಮಗನಿಗೆ ಹೇಳಿಕೊಟ್ಟ! ಇಂಥದ್ದು ನಾವು ಕಂಡೇ ಇಲ್ಲ," ಎಂದು ಪಿಸುಗುಡುತ್ತಿದ್ದರು. ಆ ಪಿಸುಮಾತು ನನ್ನ ಕಿವಿಗೆ ಬಿತ್ತು. ನನ್ನ ಕೆಲಸದ ಕೀರ್ತಿ ಒಂದು ದೆವ್ವಕ್ಕೆ ಹೋಗುವುದೇ? ಬೇಲಿಯ ಹೊರಗೆ ನಿಂತು ಗಂಟಲು ಸರಿಮಾಡಿಕೊಂಡೆ.

"ಹಿರಿಯರು ಕ್ಷಮಿಸಬೇಕು. ಯಾರೂ ಬಂದಿಲ್ಲ. ಅದು ಕಂಪ್ಯೂಟರಿನಲ್ಲಿ ತುಂಬಿಟ್ಟ ದನಿ. ತೆರೆದು ಕೇಳಿಸಿದವಳು ನಾನು."

"ಓಹೋ," ಎಂದರು ಮಾಲುಸಿ. "ನೀನು ತೆರೆದೆಯಾ? ಅದಕ್ಕೆ ಬೀಗ ಇತ್ತಂತಲ್ಲ?"

"ಇತ್ತು. ಬೀಗ ಬದಲಾಯಿಸಿದೆ."

"ಭೇಷ್! ಹೇಗೆ ಬದಲಾಯಿಸಿದೆ?"

"ಯಾರ ಬೀಗ ಬದಲಾಗ್ಬೇಕೋ ಅವರ ಹೆಸರು ಬರೆದ್ರೆ..."

ಇಷ್ಟು ಹೇಳಿ ನಿಂತೆ. ನಿಲ್ಲುವುದಕ್ಕೆ ಇದು ಸರಿಯಾದ ಜಾಗವಾಗಿರಲಿಲ್ಲ.

"ಯಾರ ಹೆಸರು ಬರೆದೆ, ಮಕೋಟಿ?" ಎಂದು ಮೃದುವಾಗಿ ಕೇಳಿದರು ಮಾಲುಸಿ.

ಮಂಜಿನೊಳಗೆ ಎಲ್ಲ ಕೋಲುಗಳೂ ನನ್ನ ಕಡೆ ವಾಲಿದವು.

"ನಾನು ಹೆಸರು ಹೇಳಿಲ್ಲ!" ಎಂದೆ. "ತುಟಿ ಅಲುಗಿಸಿಲ್ಲ. ಗುಂಡಿ ಒತ್ತಿದೆ, ಅಷ್ಟೇ. ಒಂದು ಗುಂಡಿಗೆ ಒಂದು ಅಕ್ಷರ. ಬಿಡಿ ಅಕ್ಷರ ಯಾರ ಹೆಸರೂ ಅಲ್ಲ."

"ಕಲ್ಲಿನ ಮೇಲೆ ಕಲ್ಲಿಟ್ಟೆ, ಗೋಡೆ ಮಾತ್ರ ಕಟ್ಟಿಲ್ಲ ಅಂದ ಹಾಗಾಯ್ತು," ಎಂದು ಗುಡಿಸಲಿನಿಂದಲೇ ಹೇಳಿದರು ಹಿರಿಯತ್ತೆ. ಆ ಕಿವಿ!

"ಇನ್ನೊಂದು ಕೇಳ್ತೀನಿ," ಎಂದರು ಮಾಲುಸಿ. "ತುಂಬಿಟ್ಟ ದನಿ ಅಂತೀಯ. ಇವನು ತಡವರಿಸಿದಾಗ ಅದು ಕಾಯ್ತಲ್ಲ, ಕಾಯಿಸಿದ್ದು ಯಾರು?"

"ಹಳೇ ಯಂತ್ರ. ಅಲ್ಲಲ್ಲಿ ನಿಂತು ನಿಂತು ಓಡುತ್ತೆ."

ಆಮೇಲೆ ಆ ಧ್ವನಿಮುದ್ರಣವನ್ನು ಎಷ್ಟೋ ಸಲ ಕೇಳಿದ್ದೇನೆ. ಅದೇ ಯಂತ್ರ, ಅದೇ ಸ್ಪೀಕರು. ಅದು ಎಲ್ಲೂ ನಿಲ್ಲುವುದಿಲ್ಲ. ಕಾರಣ ಇದ್ದೇ ಇದೆ; ನಾನಿನ್ನೂ ಕಂಡುಹಿಡಿದಿಲ್ಲ, ಅಷ್ಟೆ.

ಮಾಲುಸಿ ಗಂಡನ ಕಡೆ ತಿರುಗಿದರು. "ಈಗ ಮನೆಯ ಯಜಮಾನ ನೀನು. ತೀರ್ಪು ನಿನ್ನದು."

ಗಂಡ ಎದ್ದು ನಿಂತರು. ಅರ್ಧ ಗಂಟೆಯ ಹಿಂದೆ ತುಟಿಯಲ್ಲೇ ಬೇಡಿಕೊಂಡ ಮನುಷ್ಯ! ನಾನು ಉಳಿಸಿಕೊಟ್ಟ ಯಜಮಾನಿಕೆಯಲ್ಲಿ ನಿಂತು, ಎದೆ ಉಬ್ಬಿಸಿ, ನನ್ನ ಕಣ್ಣು ತಪ್ಪಿಸಿ, ಎತ್ತಿನ ಕೊಂಬಿಗೆ ಹೇಳುವ ಹಾಗೆ ಹೇಳಿದರು:

"ಪದ್ಧತಿ ಪದ್ಧತಿಯೇ. ಮಾಟೋಲೋ ತವರಿಗೆ ಹೋಗಿ ತಪ್ಪಿಗೊಂದು ಮೇಕೆ ತರ್ಬೇಕು."

"ರಾಡೇಬೆ!"

"ಶನಿವಾರದೊಳಗೆ," ಎಂದು ಸೇರಿಸಿದರು.

ಮರುದಿನ ಬೆಳಿಗ್ಗೆ ಎಪ್ಪತ್ತೊಂದರ ಹರೆಯದ ಈ ಮದುವಣಗಿತ್ತಿ, ಕೈಯಲ್ಲೊಂದು ಗಂಟು ಹಿಡಿದು, ಬಾಡಿಗೆ ವ್ಯಾನಿನಲ್ಲಿ ಕೋಳಿಗಳ ನಡುವೆ ಕೂತು ತವರಿನ ದಾರಿ ಹಿಡಿದಳು. ಅಣ್ಣ ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವನು ಗಂಟು ನೋಡಿದ, ನನ್ನನ್ನು ನೋಡಿದ, ಕೈಲಿದ್ದ ಗಂಜಿಯ ಬಟ್ಟಲು ಕೆಳಗಿಟ್ಟ.

"ವಾಪಸ್ ಕಳ್ಸಿದ್ರಾ? ಆಗಲ್ಲ ಅಂತ ಹೇಳು! ನಿನ್ನ ಮದುವೆಗೆ ಲೊಬೋಲಾ, ಹೆಣ್ಣಿನ ತೆರ ಅಂತ ಅವರು ಕೊಟ್ಟ ಹಸುಗಳನ್ನ ನಾವು ಆಗಿನ ಕಾಲದಲ್ಲೇ ತಿಂದು ಮುಗಿಸಿದ್ದೀವಿ!"

ವಿಷಯ ಹೇಳಿದೆ. ನಕ್ಕು ನಕ್ಕು ಅವನ ಹಲ್ಲಿನ ಸೆಟ್ಟು ಕೈಗೆ ಬಂತು. ಮೇಕೆಯನ್ನು ಹಗ್ಗ ಹಾಕಿ ಎಳೆದು ತಂದ. ಕುಂಟುವ ಮೇಕೆ, ಮುಖದಲ್ಲಿ ನನ್ನಷ್ಟೇ ಬೇಸರ. ಹಗ್ಗ ಕೈಗಿಡುತ್ತ ಕಣ್ಣು ಮಿಟುಕಿಸಿ ಕೇಳಿದ: "ಅದು ಸರಿ, ನಿಮ್ಮ ಮಾವನ ಹೆಸರು ಏನು? ನನಗೆ ಮರೆತೇಹೋಗಿದೆ."

ನಾನು ಹೇಳಲಿಲ್ಲ. ನೀವೂ ಕೇಳಬೇಡಿ. ಅಣ್ಣನ ಹತ್ತಿರ ಇನ್ನು ಉಳಿದಿರುವುದು ಒಂದೇ ಮೇಕೆ.